ಬ್ಲೂಸ್ ಹಾರ್ಮೋನಿಕಾದ ಗೃಹಶಿಕ್ಷಣ: ಒಂದು ಚಾರಿತ್ರಿಕ ವಿವೇಚನೆ

೧

ಶಾಲೆಯಿಲ್ಲದೆಡೆ ಶಿಕ್ಷಣವೂ ಇಲ್ಲವೆಂದು ಭಾವಿಸುವ ದೋಷವು ಚರಿತ್ರಕಾರರಲ್ಲಿ ಅಪರೂಪವೇನೂ ಅಲ್ಲ. ಪಾಠಪುಸ್ತಕ, ಪರೀಕ್ಷೆ, ಪ್ರಶಸ್ತಿಪತ್ರಗಳು ಬರಹದ ಕುರುಹುಗಳನ್ನು ಉಳಿಸುತ್ತವೆ. ಮನೆಯ ಜಗಲಿಯಲ್ಲಿ ತಂದೆಯು ಮಗನಿಗೆ ತೋರಿಸಿಕೊಟ್ಟ ವಿದ್ಯೆಯು ಅಂಥ ಕುರುಹನ್ನು ಉಳಿಸುವುದಿಲ್ಲ. ಆದುದರಿಂದ ಮೊದಲನೆಯದಕ್ಕೆ ವಿದ್ಯೆಯೆಂಬ ಗೌರವವೂ ಎರಡನೆಯದಕ್ಕೆ ಹುಟ್ಟುಗುಣವೆಂಬ ಹೆಸರೂ ಸಲ್ಲುತ್ತವೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ಪ್ರಾಂತಗಳಲ್ಲಿ ಆಫ್ರಿಕನ್ ಮೂಲದ ಜನರು ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿಯೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೂ ರೂಪಿಸಿದ ಬ್ಲೂಸ್ ಎಂಬ ಗಾನಪದ್ಧತಿಯ ವಿಷಯದಲ್ಲಿ ಹೀಗೆಯೇ ಆಗಿದೆ. ಅದರಲ್ಲಿಯೂ ನಮ್ಮಲ್ಲಿ ಮೌತ್ ಆರ್ಗನ್ ಎಂದು ಪರಿಚಿತವಾದ ಹಾರ್ಮೋನಿಕಾವನ್ನು ನುಡಿಸಿದವರನ್ನು ಯಾರಿಂದಲೂ ಕಲಿಯದ ಸಹಜ ಪ್ರತಿಭಾವಂತರೆಂದು ಹೊಗಳಿ ಸುಮ್ಮನಾಗುವುದು ವಾಡಿಕೆ.

ಈ ಹೊಗಳಿಕೆಯೊಳಗೆ ಒಂದು ಅನ್ಯಾಯವಡಗಿದೆಯೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬ್ಲೂಸ್ ಹಾರ್ಮೋನಿಕಾಕ್ಕೆ ಒಂದು ಕ್ರಮಬದ್ಧವಾದ ಶಿಕ್ಷಣವಿದ್ದಿತು. ಅದರ ಪಾಠಶಾಲೆಯು ಮನೆಯೇ ಆಗಿದ್ದಿತು. ಜೊತೆಯಲ್ಲಿ ನುಡಿಯುತ್ತಿದ್ದ ಗಿಟಾರ್ ಮತ್ತು ಸರಳವಾದ ತಾಳವೇ ಅಲ್ಲಿ ಬಹುಮಟ್ಟಿಗೆ ಗುರುಸ್ಥಾನದಲ್ಲಿದ್ದವು. ಇದಕ್ಕೆ ಬೇಕಾದ ಆಧಾರಗಳು ಮೂರು ವಿಧ: ವಾದ್ಯದ ರಚನೆ, ೧೯೨೦ರ ದಶಕದಿಂದ ಮುದ್ರಿತವಾದ ಧ್ವನಿತಟ್ಟೆಗಳು, ಮತ್ತು ವಾದಕರು ತಮ್ಮ ಕಲಿಕೆಯನ್ನು ಕುರಿತು ಮುಂದೆ ಹೇಳಿಕೊಂಡ ಮಾತುಗಳು.

೨

ಮೊದಲು ವಾದ್ಯವನ್ನು ನೋಡಬೇಕು. ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಯನ್ನು ಬಿಡಿಯಾಗಿಟ್ಟ ಲೋಹದ ರೀಡು ಗಾಳಿಯ ಒತ್ತಡದಿಂದ ಕಂಪಿಸಿ ನಾದವನ್ನುಂಟುಮಾಡುವುದು ಇದರ ತತ್ತ್ವ. ನಮ್ಮ ಹಾರ್ಮೋನಿಯಂ ವಾದ್ಯದ ತತ್ತ್ವವೂ ಇದೇ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಧ್ಯ ಯೂರೋಪಿನ ಜರ್ಮನ್ ಭಾಷಾಪ್ರದೇಶಗಳಲ್ಲಿ ಈ ವಾದ್ಯವು ರೂಪುಗೊಂಡಿತು. ಟ್ರೋಸಿಂಗೆನ್ ಎಂಬ ಊರಿನಲ್ಲಿ ಗಡಿಯಾರದ ಕಸಬಿನವನಾಗಿದ್ದ ಮಥಿಯಾಸ್ ಹೋನರ್ ೧೮೫೭ರಲ್ಲಿ ಇದರ ತಯಾರಿಕೆಗೆ ತೊಡಗಿ ಮೊದಲ ವರ್ಷ ೬೫೦ ವಾದ್ಯಗಳನ್ನು ಮಾಡಿದನೆಂದು ಹೇಳುತ್ತಾರೆ. ಶತಮಾನವು ಮುಗಿಯುವ ವೇಳೆಗೆ ಅವನ ಕಾರ್ಖಾನೆಯು ವರ್ಷಕ್ಕೆ ಲಕ್ಷಗಟ್ಟಲೆ ವಾದ್ಯಗಳನ್ನು ಹೊರಡಿಸುತ್ತಿದ್ದಿತು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋಗುತ್ತಿದ್ದವು. ಬ್ಲೂಸ್ ವಾದಕರ ಕೈಯಲ್ಲಿ ಮುಂದೆ ಪ್ರಸಿದ್ಧವಾದ 'ಮರೀನ್ ಬ್ಯಾಂಡ್' ಎಂಬ ಮಾದರಿಯು ೧೮೯೬ರಲ್ಲಿ ಬಂದಿತು. ಬೆಲೆ ಸುಲಭ, ಗಾತ್ರ ಅಂಗೈಯಗಲ. ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಹತ್ತಿ ಬೆಳೆದು ಸದಾ ಸಾಲದಲ್ಲಿರುತ್ತಿದ್ದ ಒಕ್ಕಲು ಕುಟುಂಬಕ್ಕೂ ಅದು ಎಟುಕುವ ವಸ್ತುವಾಗಿದ್ದಿತು.

ಇದರಲ್ಲಿ ಹತ್ತು ರಂಧ್ರಗಳೂ ಇಪ್ಪತ್ತು ರೀಡುಗಳೂ ಇವೆ. ಪ್ರತಿ ರಂಧ್ರದಲ್ಲಿಯೂ ಊದಿದರೆ ಒಂದು ಸ್ವರ, ಉಸಿರನ್ನು ಒಳಗೆಳೆದರೆ ಇನ್ನೊಂದು ಸ್ವರ. ಪಾಶ್ಚಾತ್ಯರು 'ಸಿ' ಎನ್ನುವ ಶ್ರುತಿಯ ವಾದ್ಯವನ್ನು ತೆಗೆದುಕೊಂಡು, ಆ ಸ್ವರವನ್ನೇ ಷಡ್ಜವೆಂದಿಟ್ಟುಕೊಂಡರೆ, ಊದಿದಾಗ ಎಲ್ಲ ರಂಧ್ರಗಳಲ್ಲಿಯೂ ಸ, ಗ, ಪ ಎಂಬ ಮೂರೇ ಸ್ವರಗಳು ಮರಳಿ ಮರಳಿ ಬರುತ್ತವೆ. ಎಳೆದಾಗ ಕೆಳಗಿನ ನಾಲ್ಕು ರಂಧ್ರಗಳಲ್ಲಿ ರಿ, ಪ, ನಿ, ರಿ ಎಂಬುವು ದೊರೆಯುತ್ತವೆ. ಮಧ್ಯದ ಸ್ಥಾಯಿಯಲ್ಲಿ ಏಳು ಸ್ವರಗಳೂ ಪೂರ್ಣವಾಗಿವೆ. ಕೆಳಗಿನ ಸ್ಥಾಯಿಯಲ್ಲಿ ಮಧ್ಯಮ ಮತ್ತು ಧೈವತಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಜರ್ಮನಿಯ ಹಾಡು ಕುಣಿತಗಳ ಮಟ್ಟುಗಳನ್ನು ಮಧ್ಯದಲ್ಲಿ ನುಡಿಸುತ್ತ, ಕೆಳಗಿನ ರಂಧ್ರಗಳಿಂದ ಕಾರ್ಡ್ ಎಂಬ ಸ್ವರಗುಚ್ಛವನ್ನು ಆಸರೆಯಾಗಿ ಕೊಡಬೇಕೆಂಬುದೇ ತಯಾರಕರ ಉದ್ದೇಶವಾಗಿದ್ದಿತು.

೩

ದಕ್ಷಿಣದ ವಾದಕರು ಈ ಉದ್ದೇಶವನ್ನು ಎರಡು ರೀತಿಯಲ್ಲಿ ಬದಲಾಯಿಸಿದರು.

ಮೊದಲನೆಯದು ಆಧಾರಸ್ವರದ ಬದಲಾವಣೆ. ಸಿ ಶ್ರುತಿಯ ವಾದ್ಯದಲ್ಲಿ ಅವರು ಅದರ ಪಂಚಮವಾದ 'ಜಿ' ಸ್ವರವನ್ನು ಷಡ್ಜವಾಗಿ ಹಿಡಿದರು. ಇದಕ್ಕೆ ಅವರಲ್ಲಿ 'ಕ್ರಾಸ್ ಹಾರ್ಪ್' ಎಂದು ಹೆಸರು. ಕರ್ಣಾಟಕ ಸಂಗೀತವನ್ನು ಬಲ್ಲವರಿಗೆ ಇದನ್ನು ಗ್ರಹಭೇದವೆಂದರೆ ಸಾಕು. ಶಂಕರಾಭರಣದ ಪಂಚಮವನ್ನು ಷಡ್ಜವಾಗಿಸಿದರೆ ಹರಿಕಾಂಭೋಜಿಯ ಸ್ವರಗಳು ದೊರೆಯುತ್ತವೆ. ಕಾಕಲಿ ನಿಷಾದವಿದ್ದಲ್ಲಿ ಕೈಶಿಕಿ ನಿಷಾದವು ಬರುತ್ತದೆ. ಬ್ಲೂಸ್ ಗಾಯಕರಿಗೆ ಬೇಕಾದ ಇಳಿದ ನಿಷಾದವು ಇದೇ. ಇದಕ್ಕಿಂತ ಮುಖ್ಯವಾದ ಫಲವೊಂದಿದೆ. ಮೂಲ ಕ್ರಮದಲ್ಲಿ ಊದಿದಾಗ ಬರುತ್ತಿದ್ದ ಆಧಾರದ ಸ್ವರಗುಚ್ಛವು ಈಗ ಎಳೆಯುವ ಉಸಿರಿಗೆ ವರ್ಗವಾಯಿತು.

ಎರಡನೆಯದು ಸ್ವರವನ್ನು ಬಾಗಿಸುವ ವಿಧಾನ. ಕೆಳಗಿನ ರಂಧ್ರಗಳಲ್ಲಿ ಎಳೆಯುವ ರೀಡು ಊದುವ ರೀಡಿಗಿಂತ ಮೇಲಿನ ಸ್ವರದ್ದು. ನಾಲಿಗೆ ಮತ್ತು ಗಂಟಲುಗಳ ಆಕಾರವನ್ನು ಬದಲಿಸಿ ಉಸಿರೆಳೆದರೆ, ಎರಡು ರೀಡುಗಳೂ ಪರಸ್ಪರ ಪ್ರಭಾವಕ್ಕೊಳಗಾಗಿ ಮೇಲಿನ ಸ್ವರವು ಕೆಳಗಿನ ಸ್ವರದ ಕಡೆಗೆ ಜಾರುತ್ತದೆ. ಮೂರನೆಯ ರಂಧ್ರದಲ್ಲಿ ಈ ಜಾರಿಕೆಗೆ ಅವಕಾಶ ಹೆಚ್ಚು. ಹೊಸ ಷಡ್ಜದ ಲೆಕ್ಕದಲ್ಲಿ ಅಲ್ಲಿ ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರಕ್ಕೆ, ಅಲ್ಲಿಂದ ಚತುಃಶ್ರುತಿ ಋಷಭಕ್ಕೆ, ಇನ್ನೂ ಕೆಳಕ್ಕೂ ಇಳಿಯಬಹುದು. ಬ್ಲೂಸ್ ಗಾಯನದ ಪ್ರಾಣವೆನಿಸಿದ ಗಾಂಧಾರವು ಈ ಎರಡು ಗಾಂಧಾರಗಳ ನಡುವೆ ಅಲೆಯುವಂಥದು. ಹಾಗೆಯೇ ನಾಲ್ಕನೆಯ ರಂಧ್ರದ ಪಂಚಮವನ್ನು ಪ್ರತಿಮಧ್ಯಮಕ್ಕೆ ಇಳಿಸಬಹುದು. ತಯಾರಕರು ಕೆಳಗಿನ ಸ್ಥಾಯಿಯಲ್ಲಿ ಬಿಟ್ಟ ಎರಡು ಸ್ವರಗಳೂ ಎರಡನೆಯ ಮತ್ತು ಮೂರನೆಯ ರಂಧ್ರಗಳನ್ನು ಬಾಗಿಸುವುದರಿಂದ ದೊರೆಯುತ್ತವೆ.

ಇಲ್ಲಿ ಒಂದು ಹೋಲಿಕೆ ಉಚಿತವಾಗಿದೆ. ಇದೇ ರೀಡನ್ನುಳ್ಳ ಹಾರ್ಮೋನಿಯಂ ನಮ್ಮ ದೇಶಕ್ಕೆ ಬಂದಾಗ ಗಮಕಕ್ಕೆ ಒಗ್ಗದ ವಾದ್ಯವೆಂಬ ಆಕ್ಷೇಪಕ್ಕೆ ಗುರಿಯಾಯಿತು. ೧೯೪೦ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿತು. ೧೯೭೧ರವರೆಗೂ ಆ ನಿಷೇಧವು ಸಡಿಲಲಿಲ್ಲ. ಹಾರ್ಮೋನಿಯಂನ ತಿದಿಗೂ ರೀಡಿಗೂ ನಡುವೆ ವಾದಕನ ಬಾಯಿಯಿಲ್ಲ. ಹಾರ್ಮೋನಿಕಾದಲ್ಲಿ ಬಾಯಿಯೇ ತಿದಿ. ಹಾಗಿದ್ದರೂ ಬಾಗಿಸುವ ಕ್ರಿಯೆಯು ಹೊರಗೆ ಕಾಣದು. ಗಿಟಾರ್ ನುಡಿಸುವವನ ಬೆರಳನ್ನು ನೋಡಿ ಕಲಿಯಬಹುದು. ಬಾಯಿಯೊಳಗಿನ ನಾಲಿಗೆಯನ್ನು ನೋಡಿ ಕಲಿಯುವಂತಿಲ್ಲ. ಇಷ್ಟು ಗೂಢವಾದ ವಿದ್ಯೆಯು ಕೆಲವೇ ದಶಕಗಳಲ್ಲಿ ಟೆನೆಸಿಯಿಂದ ಜಾರ್ಜಿಯದವರೆಗೆ, ಮಿಸಿಸಿಪ್ಪಿಯಿಂದ ಷಿಕಾಗೋವರೆಗೆ ಹರಡಿತೆಂದರೆ, ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಏರ್ಪಾಡೊಂದು ಇದ್ದಿತೆಂದು ಊಹಿಸಲೇಬೇಕಾಗುತ್ತದೆ.

೪

ಆ ಏರ್ಪಾಡಿನ ಮೊದಲ ಹಂತವು ಬಾಲ್ಯದ ಮನೆ. ಡೆಫೋರ್ಡ್ ಬೈಲಿಯವರು ೧೮೯೯ರಲ್ಲಿ ಟೆನೆಸಿಯ ಸ್ಮಿತ್ ಕೌಂಟಿಯಲ್ಲಿ ಜನಿಸಿದರು. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಸುಮಾರು ಒಂದು ವರ್ಷ ಹಾಸಿಗೆಯಲ್ಲಿಯೇ ಇದ್ದಾಗ, ಕಿವಿಗೆ ಬಿದ್ದ ನಾಯಿಗಳ ಬೊಗಳಿಕೆ, ರೈಲಿನ ಸದ್ದು ಮೊದಲಾದುವನ್ನು ಹಾರ್ಮೋನಿಕಾದಲ್ಲಿ ಅನುಕರಿಸಲು ಕಲಿತರು. ಅವರ ತಾತನು ಹೆಸರಾದ ಪಿಟೀಲುವಾದಕನಾಗಿದ್ದನು. ಮನೆಯವರು ಬೇರೆ ಬೇರೆ ವಾದ್ಯಗಳನ್ನು ನುಡಿಸುತ್ತಿದ್ದರು. ಜಾರ್ಜಿಯದಲ್ಲಿ ೧೯೧೧ರಲ್ಲಿ ಹುಟ್ಟಿದ ಸನ್ನಿ ಟೆರಿಯವರಿಗೆ ಒಕ್ಕಲಿಗರಾಗಿದ್ದ ತಂದೆಯೇ ಮೊದಲ ಗುರು. ಎರಡು ಅಪಘಾತಗಳಲ್ಲಿ ಒಂದಾದಮೇಲೊಂದರಂತೆ ದೃಷ್ಟಿಯನ್ನು ಕಳೆದುಕೊಂಡು ಬೇಸಾಯಕ್ಕೆ ನಿಲ್ಲಲಾರದೆ ಹೋದಾಗ ತಂದೆಯಿಂದ ಬಂದ ಈ ವಿದ್ಯೆಯೇ ಅವರ ಜೀವನೋಪಾಯವಾಯಿತು. ಮಿಸಿಸಿಪ್ಪಿಯ ಟ್ಯೂನಿಕಾದಲ್ಲಿ ೧೯೩೫ರಲ್ಲಿ ಜನಿಸಿದ ಜೇಮ್ಸ್ ಕಾಟನ್ ಅವರು ಮೊದಲು ಕೇಳಿದ್ದು ತಾಯಿ ನುಡಿಸುತ್ತಿದ್ದ ರೈಲಿನ ಮತ್ತು ಕೋಳಿಗಳ ಅನುಕರಣೆಯನ್ನು. ವಾದ್ಯವನ್ನು ಕೊಳ್ಳಲಾಗದ ಮಕ್ಕಳು ಪೊರಕೆಯನ್ನು ಬಿಗಿದ ತಂತಿಯನ್ನು ಬಿಚ್ಚಿ, ಮನೆಯ ಗೋಡೆಗೆ ಎರಡು ಮೊಳೆಗಳ ನಡುವೆ ಬಿಗಿದು, ಸೀಸೆಯನ್ನು ಅದರ ಮೇಲೆ ಜಾರಿಸಿ ನುಡಿಸುತ್ತಿದ್ದರು. ಮುಂದೆ ಗಿಟಾರ್ ವಾದಕರಾದ ಅನೇಕರ ಅಕ್ಷರಾಭ್ಯಾಸವು ಈ ಒಂಟಿ ತಂತಿಯ ಮೇಲೆಯೇ ನಡೆಯಿತು. ಅಂಥ ಕಡೆ ಮನೆಯ ಗೋಡೆಯೇ ವಾದ್ಯದ ಒಡಲಾಗಿದ್ದಿತು.

ಮೇಲಿನ ಮೂವರ ಬಾಲ್ಯದಲ್ಲಿಯೂ ರೈಲು ಅಥವಾ ಪ್ರಾಣಿಗಳ ಅನುಕರಣೆಯು ಬರುವುದನ್ನು ಆಕಸ್ಮಿಕವೆನ್ನುವಂತಿಲ್ಲ. ರೈಲಿನ ಓಟ, ನರಿಯ ಬೇಟೆ ಎಂಬ ಎರಡು ವಾದನಗಳು ಈ ಸಂಪ್ರದಾಯದ ಪ್ರಥಮ ಪಾಠಗಳು. ವರ್ಜೀನಿಯದ ಬಿಳಿಯ ಗಿರಣಿ ಕಾರ್ಮಿಕನಾದ ಹೆನ್ರಿ ವಿಟರ್ ೧೯೨೩ರಲ್ಲಿಯೇ ಈ ಜಾತಿಯ ಹಾರ್ಮೋನಿಕಾ ವಾದನಗಳನ್ನು ಧ್ವನಿಮುದ್ರಿಸಿದನೆಂಬುದರಿಂದ, ಈ ಪಾಠಗಳು ದಕ್ಷಿಣದಲ್ಲಿ ವರ್ಣದ ಗಡಿಯನ್ನು ಮೀರಿ ಹರಡಿದ್ದುವೆಂದು ವಿದಿತವಾಗುತ್ತದೆ. ರೈಲಿನ ಪಾಠವು ಎರಡು ವಿಷಯಗಳನ್ನು ಕಲಿಸುತ್ತದೆ. ಗಾಲಿಗಳ ಸದ್ದನ್ನು ತರಲು ಕೆಳಗಿನ ರಂಧ್ರಗಳಲ್ಲಿ ಊದುವುದನ್ನೂ ಎಳೆಯುವುದನ್ನೂ ಲಯ ತಪ್ಪದೆ ಬದಲಿಸುತ್ತ, ವೇಗವನ್ನು ಮೆಲ್ಲನೆ ಏರಿಸಬೇಕು. ಇದರಿಂದ ಉಸಿರು ಹದಕ್ಕೆ ಬರುತ್ತದೆ. ಸಿಳ್ಳಿನ ಕೂಗನ್ನು ತರಲು ಸ್ವರವನ್ನು ಬಾಗಿಸಬೇಕು. ನರಿಯ ಬೇಟೆಯಲ್ಲಿ ನಾಯಿಗಳ ಕೂಗನ್ನು ವಾದ್ಯದಿಂದಲೂ ಬೇಟೆಗಾರನ ಕೂಗನ್ನು ಕಂಠದಿಂದಲೂ ಎಡೆಬಿಡದೆ ಹೊರಡಿಸಬೇಕು. ಸನ್ನಿ ಟೆರಿಯವರ ವಾದನದಲ್ಲಿ ಸ್ವರದ ನಡುನಡುವೆ ಚಿಮ್ಮುವ ಕೂಗಿನ ಮೂಲವು ಇಲ್ಲಿದೆ. ಬಾಲಕನು ಆಟವೆಂದು ಭಾವಿಸಿ ಮಾಡಿದುದು, ಕಲೆಯ ಅತ್ಯಂತ ಕಠಿಣವಾದ ಅಂಗಗಳ ಸಾಧಕವಾಗಿದ್ದಿತು.

೫

ಎರಡನೆಯ ಹಂತವು ಗಿಟಾರಿನ ಜೊತೆ. ಷಿಕಾಗೋವಿನ ಅಂಗಡಿಗಳು ಅಂಚೆಯ ಮೂಲಕ ಮಾರುತ್ತಿದ್ದ ಅಗ್ಗದ ಗಿಟಾರುಗಳು ೧೮೯೦ರ ದಶಕದಿಂದ ಹಳ್ಳಿಗಳನ್ನು ಹೊಕ್ಕಿದ್ದವು. ಬ್ಲೂಸಿನ ಸಾಮಾನ್ಯ ಆವರ್ತವು ಹನ್ನೆರಡು ಬಾರ್‌ಗಳದ್ದು. ಬಾರ್ ಒಂದಕ್ಕೆ ನಾಲ್ಕು ಎಣಿಕೆ. ಮೊದಲ ನಾಲ್ಕು ಬಾರ್‌ಗಳಲ್ಲಿ ಷಡ್ಜದ ಸ್ವರಗುಚ್ಛ, ಮುಂದಿನ ಎರಡರಲ್ಲಿ ಮಧ್ಯಮದ್ದು, ಮತ್ತೆ ಎರಡರಲ್ಲಿ ಷಡ್ಜದ್ದು, ಒಂದರಲ್ಲಿ ಪಂಚಮದ್ದು, ಒಂದರಲ್ಲಿ ಮಧ್ಯಮದ್ದು, ಕಡೆಯ ಎರಡರಲ್ಲಿ ಷಡ್ಜದ್ದು. ಹೀಗೆ ಷಡ್ಜಕ್ಕೆ ಎಂಟು, ಮಧ್ಯಮಕ್ಕೆ ಮೂರು, ಪಂಚಮಕ್ಕೆ ಒಂದು ಬಾರ್ ಸಲ್ಲುತ್ತವೆ.

ಇದನ್ನು ಕ್ರಾಸ್ ಹಾರ್ಪಿನ ಉಸಿರಿನೊಡನೆ ಹೊಂದಿಸಿ ನೋಡಿದರೆ ಈ ಶಿಕ್ಷಣದ ಮರ್ಮವು ಸ್ಪಷ್ಟವಾಗುತ್ತದೆ. ಕೆಳಗಿನ ರಂಧ್ರಗಳಲ್ಲಿ ಎಳೆದರೆ ಷಡ್ಜದ ಗುಚ್ಛ, ಊದಿದರೆ ಮಧ್ಯಮದ ಗುಚ್ಛ. ಪಂಚಮದ ಗುಚ್ಛವು ಪೂರ್ಣವಾಗಿ ದೊರೆಯದು. ಅಲ್ಲಿ ಒಂದನೆಯ ಅಥವಾ ನಾಲ್ಕನೆಯ ರಂಧ್ರವನ್ನೆಳೆದು ಪಂಚಮ ಸ್ವರವನ್ನು ಮಾತ್ರ ಹಿಡಿಯಬೇಕು. ಆದುದರಿಂದ ಬರಹದ ಸ್ವರಲಿಪಿಯನ್ನರಿಯದ ಬಾಲಕನಿಗೂ ಗಿಟಾರಿನ ಸ್ವರಗುಚ್ಛವು ಬದಲಾದುದೇ ಉಸಿರನ್ನು ತಿರುಗಿಸುವ ಸೂಚನೆಯಾಗುತ್ತಿದ್ದಿತು. ತಪ್ಪಿದರೆ ಅಪಸ್ವರವು ಕೂಡಲೆ ಕಿವಿಗೆ ಬಡಿಯುತ್ತಿದ್ದಿತು. ತಿದ್ದಲು ಬೇರೊಬ್ಬ ಉಪಾಧ್ಯಾಯನ ಅಗತ್ಯವಿರಲಿಲ್ಲ. ಗಿಟಾರ್ ವಾದಕನು 'ಇ' ಶ್ರುತಿಯಲ್ಲಿ ನುಡಿಸಿದರೆ 'ಎ' ಹಾರ್ಮೋನಿಕಾ, 'ಎ' ಶ್ರುತಿಯಲ್ಲಿ ನುಡಿಸಿದರೆ 'ಡಿ' ಹಾರ್ಮೋನಿಕಾ ಎಂಬ ನಿಯಮವೂ ಬಳಕೆಯಿಂದಲೇ ಸ್ಥಿರವಾಯಿತು.

ತಾಳದ ಸರಳತೆಗೂ ಒಂದು ಚರಿತ್ರೆಯುಂಟು. ದಕ್ಷಿಣ ಕರೋಲಿನದಲ್ಲಿ ೧೭೩೯ರ ಸ್ಟೋನೋ ದಂಗೆಯ ಬಳಿಕ ಹೊರಟ ೧೭೪೦ರ ಶಾಸನವು ಗುಲಾಮರು ಡೋಲು, ಕೊಂಬು ಮೊದಲಾದ ದೊಡ್ಡ ಸದ್ದಿನ ವಾದ್ಯಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ದಂಗೆಯೆದ್ದವರು ಡೋಲು ಬಾರಿಸುತ್ತ ಜನರನ್ನು ಕೂಡಿಸಿಕೊಂಡಿದ್ದುದೇ ಆಳುವವರ ಭೀತಿಗೆ ಕಾರಣ. ಡೋಲು ಹೋದರೂ ಲಯ ಹೋಗಲಿಲ್ಲ. ಅಂಗೈ, ತೊಡೆ, ಹಿಮ್ಮಡಿ ಮತ್ತು ಮರದ ನೆಲಗಳು ಅದನ್ನು ವಹಿಸಿಕೊಂಡವು. ಸರಳ ತಾಳಕ್ಕೆಲ್ಲ ಈ ಒಂದು ಶಾಸನವೇ ಕಾರಣವೆನ್ನಲಾಗದು, ಬಡತನವೂ ಇದ್ದಿತು. ಆದರೆ ಬಟ್ಟೆ ಉಜ್ಜುವ ತಗಡಿನ ಹಲಗೆಯನ್ನು, ಹೊಲಿಗೆಯವರು ಬೆರಳಿಗೆ ತೊಡುವ ಲೋಹದ ಕವಚದಿಂದ ಗೀರಿ ತಾಳ ಹಾಕುವ ಪದ್ಧತಿಯನ್ನೂ, ಜಾಡಿಯ ಬಾಯಿಗೆ ಊದಿ ಮಂದ್ರಸ್ವರವನ್ನು ಹೊರಡಿಸುವ ಪದ್ಧತಿಯನ್ನೂ ಈ ಹಿನ್ನೆಲೆಯಲ್ಲಿ ನೋಡುವುದು ಯುಕ್ತ. ಮೆಂಫಿಸ್ ನಗರದಲ್ಲಿ ವಿಲ್ ಷೇಡ್ ಅವರ ಜಗ್ ಬ್ಯಾಂಡು ೧೯೨೭ರಲ್ಲಿಯೂ, ನೋವಾ ಲೂಯಿಸ್ ಹಾರ್ಮೋನಿಕಾ ನುಡಿಸಿದ ಗಸ್ ಕ್ಯಾನನ್ ಅವರ ತಂಡವು ೧೯೨೮ರಲ್ಲಿಯೂ ಇಂಥ ಗೃಹವಾದ್ಯಗಳನ್ನೇ ಧ್ವನಿಮುದ್ರಣದ ಕೊಠಡಿಗೆ ಕೊಂಡೊಯ್ದವು. ಉತ್ತರ ಕರೋಲಿನದ ಡರ್ಹಮ್ ನಗರದಲ್ಲಿ ಬ್ಲೈಂಡ್ ಬಾಯ್ ಫುಲ್ಲರ್ ಅವರ ಗಿಟಾರ್, ಸನ್ನಿ ಟೆರಿಯವರ ಹಾರ್ಮೋನಿಕಾ, ಬುಲ್ ಸಿಟಿ ರೆಡ್ ಎಂದು ಹೆಸರಾದವರ ತಗಡಿನ ಹಲಗೆ, ಈ ಮೂರರ ಮೇಳವು ೧೯೩೦ರ ದಶಕದ ಕೊನೆಯಲ್ಲಿ ಈ ಪದ್ಧತಿಯ ಪರಿಪಕ್ವ ರೂಪವೆನ್ನಬಹುದು. ಟೆರಿಯವರು ೧೯೩೮ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ನುಡಿಸಿದಾಗ ಜಗಲಿಯ ವಿದ್ಯೆಯು ಮಹಾನಗರದ ರಂಗವನ್ನೇರಿತು.

ಟೆನೆಸಿಯ ಬ್ರೌನ್ಸ್‌ವಿಲ್‌ನ ಗಾಯಕ ಸ್ಲೀಪಿ ಜಾನ್ ಎಸ್ಟಿಸ್ ಮತ್ತು ಹಾರ್ಮೋನಿಕಾದ ಹ್ಯಾಮಿ ನಿಕ್ಸನ್ ಅವರ ೧೯೩೫ರ ತಟ್ಟೆಗಳಲ್ಲಿ ಇನ್ನೊಂದು ಗುಣವು ಗೋಚರಿಸುತ್ತದೆ. ಎಸ್ಟಿಸ್ ಅವರ ಗಾಯನವು ಆವರ್ತದ ಲೆಕ್ಕಕ್ಕೆ ಕಟ್ಟುಬೀಳುವಂಥದಲ್ಲ. ನಿಕ್ಸನ್ ಎಣಿಕೆಯನ್ನು ಬಿಟ್ಟು ಗಾಯಕನ ಉಸಿರನ್ನೇ ಅನುಸರಿಸುತ್ತಾರೆ. ವರ್ಷಗಟ್ಟಲೆ ಒಟ್ಟಿಗೆ ಕುಳಿತು ನುಡಿಸಿದವರಿಗಲ್ಲದೆ ಇದು ಸಾಧ್ಯವಿಲ್ಲ. ನಿಕ್ಸನ್ ನೋವಾ ಲೂಯಿಸ್ ಅವರಿಂದ ಕಲಿತವರು; ನಿಕ್ಸನ್ ಮತ್ತು ಎಸ್ಟಿಸ್ ಅವರ ಬಳಗದಲ್ಲಿ ಬೆಳೆದವರು ೧೯೧೪ರಲ್ಲಿ ಟೆನೆಸಿಯ ಜ್ಯಾಕ್ಸನ್ ಬಳಿ ಹುಟ್ಟಿದ ಜಾನ್ ಲೀ ವಿಲಿಯಂಸನ್. ಅವರು ಎರಡು ಗಿಟಾರುಗಳ ಜೊತೆಯಲ್ಲಿ ೧೯೩೭ರಲ್ಲಿ ಮುದ್ರಿಸಿದ ತಟ್ಟೆಗಳು ಹಾರ್ಮೋನಿಕಾವನ್ನು ಬ್ಲೂಸಿನ ಮುಂಚೂಣಿಗೆ ತಂದವು. ಷಿಕಾಗೋವಿನಲ್ಲಿ ಅವರ ಮನೆಯ ಬಾಗಿಲಿಗೆ ೧೯೪೮ರಲ್ಲಿ ಬಿಲಿ ಬಾಯ್ ಆರ್ನಾಲ್ಡ್ ಎಂಬ ಹನ್ನೆರಡು ವರ್ಷದ ಹುಡುಗನು ಹೋಗಿ, ಆ ಬಾಗಿದ ಸ್ವರವನ್ನು ಹೊರಡಿಸುವುದು ಹೇಗೆಂದು ಕೇಳಿದನು. ವಿಲಿಯಂಸನ್ ಅವನನ್ನು ಒಳಗೆ ಕರೆದು, ರೀಡಿನ ಕತ್ತು ಹಿಸುಕಬೇಕೆಂದು ಹೇಳಿ ತೋರಿಸಿಕೊಟ್ಟರು. ಅದೇ ವರ್ಷ ಜೂನ್ ಒಂದರಂದು ವಿಲಿಯಂಸನ್ ಕೊಲೆಗೀಡಾದರು; ಹುಡುಗನು ಮುಂದೆ ಹೆಸರಾದ ವಾದಕನಾದನು. ಪಾರಿಭಾಷಿಕ ಪದವಿದ್ದೆಡೆ ಶಾಸ್ತ್ರವಿದೆ, ತೋರಿಸಿಕೊಡುವವರಿದ್ದೆಡೆ ಶಿಕ್ಷಣವಿದೆ ಎಂಬುದಕ್ಕೆ ಈ ಪ್ರಸಂಗವು ಸಾಕ್ಷಿ.

೬

ಇಷ್ಟಾದರೂ ಈ ಶಿಕ್ಷಣವು ಶಿಕ್ಷಣವೆನಿಸಲಿಲ್ಲವೇಕೆ? ೧೯೨೦ರ ದಶಕದಲ್ಲಿಯೇ ಅಮೆರಿಕದ ಉತ್ತರದ ನಗರಗಳಲ್ಲಿ ಹಾರ್ಮೋನಿಕಾಕ್ಕೆ ಸಾಂಸ್ಥಿಕ ಶಿಕ್ಷಣವು ಹುಟ್ಟಿದ್ದಿತು. ಫಿಲಡೆಲ್ಫಿಯದಲ್ಲಿ ಆಲ್ಬರ್ಟ್ ಹಾಕ್ಸಿ ಎಂಬವರು ಬಾಲಕರ ವಾದ್ಯಮೇಳವನ್ನು ಕಟ್ಟಿ ಸಮವಸ್ತ್ರ ತೊಡಿಸಿ ಮೆರವಣಿಗೆಯ ಗೀತಗಳನ್ನು ಕಲಿಸಿದರು. ಅಲ್ಲಿ ವಾದ್ಯವನ್ನು ತಯಾರಕರ ಉದ್ದೇಶದಂತೆಯೇ ನುಡಿಸುತ್ತಿದ್ದರು. ಕಲಿತವರೆಂದರೆ ಇಂಥವರು ಎಂಬ ಭಾವನೆಯು ಬಲಿತಾಗ, ಜಗಲಿಯಲ್ಲಿ ಕಲಿತವರು ಕಲಿಯದವರಾದರು.

ಇದರ ಪರಿಣಾಮವನ್ನು ಡೆಫೋರ್ಡ್ ಬೈಲಿಯವರ ಜೀವನದಲ್ಲಿ ಕಾಣಬಹುದು. ನ್ಯಾಷ್‌ವಿಲ್‌ನ ಡಬ್ಲ್ಯೂ.ಎಸ್.ಎಂ. ಬಾನುಲಿಯಲ್ಲಿ ಅವರು ರೈಲಿನ ವಾದನವನ್ನು ನುಡಿಸಿದ ಒಂದು ರಾತ್ರಿಯೇ, ೧೯೨೭ರಲ್ಲಿ, ನಿರೂಪಕ ಜಾರ್ಜ್ ಹೇ ಆ ಕಾರ್ಯಕ್ರಮಕ್ಕೆ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ಹೆಸರನ್ನು ಕೊಟ್ಟನು. ಅದರ ಅತ್ಯಂತ ಜನಪ್ರಿಯ ಕಲಾವಿದರಲ್ಲಿ ಬೈಲಿ ಒಬ್ಬರಾಗಿದ್ದರು. ೧೯೪೧ರಲ್ಲಿ ಅವರನ್ನು ತೆಗೆದುಹಾಕಿದರು. ೧೯೪೫ರಲ್ಲಿ ಹೇ ಬರೆದ ಪುಸ್ತಕದಲ್ಲಿ, ಬೈಲಿ ಸೋಮಾರಿಯೆಂದೂ ಹನ್ನೆರಡರಷ್ಟು ಮಟ್ಟುಗಳ ಹೊರತು ಹೊಸದನ್ನು ಕಲಿಯಲೊಪ್ಪಲಿಲ್ಲವೆಂದೂ ಕಾರಣ ಕೊಟ್ಟಿದ್ದಾನೆ. ಆದರೆ ೧೯೪೧ರಲ್ಲಿ ಗೀತಗಳ ಹಕ್ಕುಗಳನ್ನು ಕುರಿತು ಬಾನುಲಿ ಸಂಸ್ಥೆಗಳಿಗೂ ಆಸ್ಕ್ಯಾಪ್ ಸಂಘಕ್ಕೂ ವ್ಯಾಜ್ಯವೆದ್ದು, ಆ ಸಂಘದ ಅಧೀನದಲ್ಲಿದ್ದ ಗೀತಗಳ ಪ್ರಸಾರವು ನಿಂತಿದ್ದಿತು; ಬೈಲಿಯವರ ಪ್ರಸಿದ್ಧ ವಾದನಗಳು ಅವುಗಳಲ್ಲಿ ಸೇರಿದ್ದವು. ತಮಗೆ ಬೇರೆ ಮಟ್ಟುಗಳು ಬರುತ್ತಿದ್ದವೆಂದೂ ಹಳೆಯವನ್ನೇ ನುಡಿಸಬೇಕೆಂದು ಹಿಂದೆಲ್ಲ ಒತ್ತಾಯಿಸುತ್ತಿದ್ದರೆಂದೂ ಬೈಲಿ ಮುಂದೆ ಹೇಳಿದ್ದಾರೆ. ಅವರ ಕಲಿಕೆಯ ಚರಿತ್ರೆಯನ್ನು ಬಲ್ಲವರಿಗೆ ಯಾವ ಹೇಳಿಕೆಯು ಹೆಚ್ಚು ನಂಬಲರ್ಹವೆಂಬುದು ತಿಳಿಯದೆ ಹೋಗದು. ಹಾಸಿಗೆಯಲ್ಲಿ ಮಲಗಿದ್ದಾಗಲೂ ಕೇಳಿದ ಸದ್ದನ್ನೆಲ್ಲ ಕಲಿತವರ ಮೇಲೆ ಕಲಿಯಲೊಪ್ಪದವರೆಂಬ ಆರೋಪವು ಹೊರಿಸಲ್ಪಟ್ಟಿತು. ಬೈಲಿ ನ್ಯಾಷ್‌ವಿಲ್‌ನಲ್ಲಿಯೇ ಬೂಟುಗಳಿಗೆ ಪಾಲಿಷ್ ಹಾಕುವ ಅಂಗಡಿಯಿಂದ ಜೀವನ ಸಾಗಿಸಿ ೧೯೮೨ರಲ್ಲಿ ತೀರಿಕೊಂಡರು. ಕಂಟ್ರಿ ಸಂಗೀತದ ಗೌರವಮಂದಿರದಲ್ಲಿ ಅವರ ಹೆಸರು ಸೇರಿದುದು ೨೦೦೫ರಲ್ಲಿ.

೭

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಗೃಹಶಿಕ್ಷಣದ ಸಾಧನಗಳು ಬದಲಾದವು. ಆರ್ಕನ್ಸಾದ ಹೆಲೆನಾ ಊರಿನ ಕೆ.ಎಫ್.ಎಫ್.ಎ. ಬಾನುಲಿಯಲ್ಲಿ ೧೯೪೧ರ ನವೆಂಬರಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ರೈಸ್ ಮಿಲ್ಲರ್ ಅವರ ಹಾರ್ಮೋನಿಕಾವೂ ರಾಬರ್ಟ್ ಲಾಕ್‌ವುಡ್ ಅವರ ಗಿಟಾರೂ ಕೇಳಿಬರತೊಡಗಿದವು. ತಾಯಿಯಿಂದ ಆರಂಭಿಸಿದ ಜೇಮ್ಸ್ ಕಾಟನ್ ಅವರು ಮುಂದಿನ ಪಾಠವನ್ನು ಪಡೆದುದು ಈ ಪ್ರಸಾರದಿಂದ. ಬಳಿಕ ಮಿಲ್ಲರ್ ಅವರಲ್ಲಿಗೇ ಹೋಗಿ ಸೇರಿದರು. ಗಿಟಾರನ್ನೂ, ಕತ್ತಿಗೆ ತೊಡಿಸಿದ ಚೌಕಟ್ಟಿನಲ್ಲಿ ಹಾರ್ಮೋನಿಕಾವನ್ನೂ ಒಬ್ಬರೇ ನುಡಿಸಿದ ಜಿಮ್ಮಿ ರೀಡ್ ಅವರು, ಗಿಟಾರಿನ ಎರಡು ಮಂದ್ರ ತಂತಿಗಳ ಮೇಲೆ ತೂಗುವ ಸರಳ ಲಯವನ್ನು ೧೯೫೦ರ ದಶಕದಲ್ಲಿ ಮನೆಮಾತಾಗಿಸಿದರು. ಲಿಟ್ಲ್ ವಾಲ್ಟರ್ ಅವರು ೧೯೫೨ರಲ್ಲಿ ವಿದ್ಯುತ್ ಧ್ವನಿವರ್ಧಕದ ಮೂಲಕ ವಾದ್ಯಕ್ಕೆ ಬೇರೊಂದು ಕಂಠವನ್ನಿತ್ತರು.

ಟೋನಿ ಗ್ಲೋವರ್ ಎಂಬ ಮಿನಿಯಾಪೊಲಿಸಿನ ಬಿಳಿಯ ವಾದಕರು ೧೯೬೫ರಲ್ಲಿ ಬ್ಲೂಸ್ ಹಾರ್ಮೋನಿಕಾಕ್ಕೆ ಕೈಪಿಡಿಯೊಂದನ್ನು ಬರೆದಾಗ, ಜಗಲಿಯ ವಿದ್ಯೆಯು ಅಕ್ಷರಕ್ಕಿಳಿದು ದೂರದ ಮಧ್ಯಮ ವರ್ಗದ ಮನೆಗಳನ್ನು ಮುಟ್ಟಿತು. ಒಂದು ವಾದ್ಯದ ಭಾಗವನ್ನು ಮಾತ್ರ ಬಿಟ್ಟು ಉಳಿದ ಮೇಳವನ್ನು ಮುದ್ರಿಸಿದ ತಟ್ಟೆಗಳು ೧೯೫೦ರಿಂದಲೇ ಬಂದಿದ್ದವು; ೧೯೮೦ರ ದಶಕದಲ್ಲಿ ಹಾರ್ಮೋನಿಕಾದ ಕೈಪಿಡಿಗಳು ಧ್ವನಿಸುರುಳಿಗಳೊಡನೆ ಹೊರಬಂದವು. ಒಬ್ಬಂಟಿ ಅಭ್ಯಾಸಿಗೂ ಗಿಟಾರ್ ಮತ್ತು ತಾಳಗಳ ಜೊತೆ ಸಿಕ್ಕಿತು. ಇದರ ಉಪಕಾರವು ದೊಡ್ಡದು. ಉಸಿರನ್ನು ತಿರುಗಿಸುವ ಹೊತ್ತನ್ನು ಇಂಥ ಮುದ್ರಿತ ಜೊತೆಯೂ ಕಲಿಸಬಲ್ಲುದು. ಆದರೆ ಮುದ್ರಿತ ಗಿಟಾರು ಕಾಯುವುದಿಲ್ಲ. ಎಸ್ಟಿಸ್ ಅವರು ಸಾಲನ್ನು ಲಂಬಿಸಿದಾಗ ನಿಕ್ಸನ್ ಕಾದು ನಿಂತಂಥ ಪಾಠವನ್ನು ಪಡೆಯಬೇಕಾದರೆ ಎದುರಿಗೆ ಮನುಷ್ಯನೊಬ್ಬನು ಕುಳಿತಿರಬೇಕು.

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಬ್ಲೂಸ್ ಹಾರ್ಮೋನಿಕಾದ ಕಲೆಗೆ ಪ್ರಥಮ ಪಾಠಗಳಿದ್ದವು, ಶ್ರುತಿಯ ನಿಯಮವಿದ್ದಿತು, ಪಾರಿಭಾಷಿಕ ಪದಗಳಿದ್ದವು, ಲೂಯಿಸ್, ನಿಕ್ಸನ್, ವಿಲಿಯಂಸನ್, ಆರ್ನಾಲ್ಡ್ ಎಂದು ಹೆಸರಿಸಬಹುದಾದ ಶಿಷ್ಯಪರಂಪರೆಯಿದ್ದಿತು. ಇಲ್ಲದಿದ್ದುದು ಶಾಲೆಯ ಕಟ್ಟಡ ಮತ್ತು ದಾಖಲೆಯ ಪುಸ್ತಕ ಮಾತ್ರ. ಇಂಥ ವಿದ್ಯೆಗಳ ಚರಿತ್ರೆಯನ್ನು ಬರೆಯುವವರು ಕಲಾವಿದನ ಪ್ರತಿಭೆಯನ್ನು ಹೊಗಳುವುದಕ್ಕೆ ಮುನ್ನ ಅವನಿಗೆ ಯಾರು ಕಲಿಸಿದರು, ಅವನ ಜೊತೆಯಲ್ಲಿ ಯಾರು ನುಡಿಸಿದರು ಎಂದು ವಿಚಾರಿಸುವುದು ಅವಶ್ಯಕ. ಸನ್ನಿ ಟೆರಿಯವರ ತಂದೆಯೂ ಜೇಮ್ಸ್ ಕಾಟನ್ ಅವರ ತಾಯಿಯೂ ಯಾವ ಧ್ವನಿತಟ್ಟೆಯಲ್ಲಿಯೂ ನುಡಿಸಿದವರಲ್ಲ; ಮಕ್ಕಳ ವಾದನದಲ್ಲಿ ಅವರ ಪಾಠವು ಇಂದಿಗೂ ಕೇಳಿಸುತ್ತದೆ.